ಚಾರ್ಟ್ ಇರ್ಲಿ, ರೇಟ್ ಕಾರ್ಡ್ ಬೇಡ

ಮಾನ್ಯ ಸಂಪಾದಕರೇ, ನಮಸ್ಕಾರ.

ಹೋದ ವಾರ ನಿಮ್ಮ ಪೇಪರ್ ಜೊತೆ ಬರೋ ಪುರವಣೀಲಿ ಬೇಸಿಗೆ ರಜೇಲಿ ಮಕ್ಕಳನ್ನ ಹುರುಪಾಗಿ ಇಡೋದು ಹೇಗೆ ಅಂತ ಒಂದು ಲೇಖನ ಬಂದಿತ್ತಲ್ಲ, ಮನೆಗೆಲಸದ ಚಾರ್ಟ್ ಮಾಡಿ ಫ್ರಿಜ್ಜಿಗೆ ಅಂಟಿಸಿ, ಒಂದೊಂದು ಕೆಲಸಕ್ಕೂ ಒಂದೊಂದು ಸ್ಟಿಕ್ಕರ್ ಕೊಡಿ, ಇಪ್ಪತ್ತು ಸ್ಟಿಕ್ಕರ್ ಆದ್ರೆ ಐಸ್‌ಕ್ರೀಮೋ ಅರ್ಧ ಗಂಟೆ ಮೊಬೈಲೋ ಕೊಡಿ ಅಂತ. ಅದನ್ನ ಓದಿ ಪೇಪರ್ ಮಡಚಿಟ್ಟು ಸುಮ್ನಿರೋಣ ಅಂದ್ಕೊಂಡೆ, ಆಗ್ಲಿಲ್ಲ. ಯಾಕಂದ್ರೆ ಅದೇ ಚಾರ್ಟು ನಮ್ಮ ಮನೆ ಫ್ರಿಜ್ಜಿನ ಮೇಲೂ ಏಳೆಂಟು ದಿನ ಇತ್ತು, ಅದರ ಕಥೆ ಏನಾಯ್ತು ಅನ್ನೋದನ್ನ ಬರೆದ್ರೆ ಬೇರೆ ಮನೆಯೋರಿಗೂ ಉಪಯೋಗ ಆಗಬಹುದು ಅನ್ನಿಸ್ತು. ಪತ್ರ ಉದ್ದ ಆಗುತ್ತೆ, ಮೊದಲೇ ಕ್ಷಮೆ ಕೇಳ್ತೀನಿ, ಕತ್ತರಿಸೋದು ಬಿಡೋದು ನಿಮ್ಮಿಷ್ಟ.

ನಾನು 32 ವರ್ಷ ಸರ್ಕಾರಿ ಪ್ರೈಮರಿ ಸ್ಕೂಲಲ್ಲಿ ಟೀಚರಾಗಿದ್ದೋಳು, ಸರ್ವೀಸ್ ಎಲ್ಲಾ ಹಾಸನ ತಾಲೂಕಿನ ಹಳ್ಳಿಗಳಲ್ಲೇ, ಈಗ ರಿಟೈರ್ ಆಗಿ ಹಾಸನದಲ್ಲೇ ಇದೀವಿ, ನಾನು ನಮ್ಮ ಯಜಮಾನ್ರು ಇಬ್ರೇ. ಏಪ್ರಿಲ್ ಎರಡನೇ ವಾರ ಬಂತಂದ್ರೆ ಮನೆ ತುಂಬುತ್ತೆ. ಬೆಂಗಳೂರಿಂದ ಮಗನ ಮಕ್ಕಳು ಇಬ್ರು, ಹುಡುಗಿಗೆ 11, ಅವಳ ತಮ್ಮನಿಗೆ 8. ಇಲ್ಲೇ ಊರಲ್ಲಿರೋ ಮಗಳ ಮಗನಿಗೆ 13, ಅವನೂ ಬ್ಯಾಗ್ ತಗೊಂಡು ಇಲ್ಲೇ ಬಂದ್ಬಿಡ್ತಾನೆ. ಸರ್ಕಾರಿ ಸ್ಕೂಲಿನ ರಜ ಏಪ್ರಿಲ್ 11ರಿಂದ ಮೇ 28ರವರೆಗೆ ಅಂತ ಲೆಕ್ಕ ಹಿಡಿದ್ರೆ 48 ದಿನ ಆಗುತ್ತೆ. ಸಂಪಾದಕರೇ, 48 ದಿನ ಮೂರು ಮಕ್ಕಳು ಒಂದೇ ಮನೇಲಿ ಇರೋದು ಅಂದ್ರೆ ಏನು ಅಂತ ಲೇಖನ ಬರೆಯೋರಿಗೆ ಗೊತ್ತಿರುತ್ತೋ ಇಲ್ವೋ ನಂಗೊತ್ತಿಲ್ಲ, ನಮ್ಮಂತ ಅಜ್ಜಿ ತಾತಂದಿರಿಗೆ ಚೆನ್ನಾಗ್ ಗೊತ್ತು.

ಈ ಸಲ ಸೊಸೆ ಮಕ್ಕಳನ್ನ ಬಿಡಕ್ಕೆ ಬಂದಾಗ ಚಾರ್ಟ್ ತಂದಿದ್ಲು. ಪಾಪ ಅವಳದೇನೂ ತಪ್ಪಿಲ್ಲ, ಅತ್ತೆಗೆ ಕಷ್ಟ ಆಗ್ಬಾರ್ದು ಅಂತಾನೇ ಮಾಡಿದ್ದು, ಆಫೀಸ್ ಕೆಲಸದ ಮಧ್ಯೆ ರಾತ್ರಿ ಕೂತು ಮಾಡಿ, ಕಲರ್ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಅಳಿಸೋ ಪೆನ್ ಬೇರೆ. ಹಾಸಿಗೆ ಮಡಿಸಿದ್ರೆ 5 ಪಾಯಿಂಟು, ಊಟದ ತಟ್ಟೆ ಎತ್ತಿಟ್ರೆ 2, ಗಿಡಕ್ಕೆ ನೀರು ಹಾಕಿದ್ರೆ 5, ಒಣಗಿದ ಬಟ್ಟೆ ಮಡಿಸಿದ್ರೆ ಒಂದಕ್ಕೆ 1, ಅಜ್ಜಿಗೆ ಅಡುಗೇಲಿ ಸಹಾಯ ಮಾಡಿದ್ರೆ 10. ನೂರು ಪಾಯಿಂಟ್ ಆದ್ರೆ ಅರ್ಧ ಗಂಟೆ ಮೊಬೈಲ್. ನಾನೂ ನೋಡಿ ಖುಷಿ ಪಟ್ಟೆ, ಸುಳ್ಳು ಯಾಕ್ ಹೇಳ್ಲಿ.

ಮೊದಲ ಮೂರು ದಿನ ಮನೆ ಮಿಂಚ್ತಿತ್ತು. ಬೆಳಿಗ್ಗೆ ಆರೂವರೆಗೆ ಎದ್ದು ಹಾಸಿಗೆ ಮಡಿಸೋರು, ನಾವು ತಿಂಡಿ ತಿನ್ನೋದ್ರೊಳಗೆ ತಟ್ಟೆ ಕಿತ್ಕೊಳ್ಳೋರು. ನಾಲ್ಕನೇ ದಿನ ಸಣ್ಣೋನು ಮಧ್ಯಾಹ್ನ ಹೋಗಿ ಮಡಿಸಿದ್ದ ಹಾಸಿಗೇನ ಬಿಚ್ಚಿ, ಐದು ನಿಮಿಷ ಅದರ ಮೇಲೆ ಉರುಳಾಡಿ, ಮತ್ತೆ ಮಡಿಸಿ ಬಂದು ಇನ್ನೊಂದು 5 ಬರ್ಕೊಂಡ. ಹುಡುಗಿ ಅವನಿಗಿಂತ ಜಾಣೆ, ತಾತನ ಕರ್ಚೀಫ್‌ಗಳನ್ನ ಹುಡುಕಿ ಹುಡುಕಿ ಮಡಿಸೋಳು, ಪಂಚೆ ಬೆಡ್‌ಶೀಟ್ ಎಲ್ಲಾ ಬಿಟ್ಬಿಡೋಳು, ಯಾಕಂದ್ರೆ ಕರ್ಚೀಫಿಗೂ 1 ಪಾಯಿಂಟೇ ಬೆಡ್‌ಶೀಟಿಗೂ 1 ಪಾಯಿಂಟೇ. ದೊಡ್ಡೋನು ಗಣಿತದಲ್ಲಿ ಚುರುಕು, ಹನ್ನೊಂದು ಗಂಟೆಗೆಲ್ಲಾ ನೂರು ಮುಗಿಸಿ "ಅಜ್ಜಿ, ಇವತ್ತಿನ ಕೋಟಾ ಆಯ್ತು" ಅಂತ ಸೋಫಾ ಮೇಲೆ ಬಿದ್ಕೊಳ್ಳೋನು. ನನಗೆ ನಗು ಬರ್ತಿತ್ತು. ಯಜಮಾನ್ರಂತೂ ಈ ಹುಡುಗ ಮುಂದೆ ಕಂಟ್ರಾಕ್ಟರ್ ಆಗ್ತಾನೆ ಬಿಡು ಅಂತ ಹೆಮ್ಮೆ ಪಟ್ಕೊಂಡ್ರು.

ನಗು ನಿಂತಿದ್ದು ಏಳನೇ ದಿನ. ಒಬ್ಬಟ್ಟು ಮಾಡೋಣ ಅಂತ ಕಣಕ ನಾದ್ತಾ ಕೂತಿದ್ದೆ, ಎರಡೂ ಕೈಗೆ ಎಣ್ಣೆ ಹಿಟ್ಟು ಮೆತ್ಕೊಂಡಿತ್ತು, ಒಲೆ ಮೇಲೆ ಹಾಲು ಇಟ್ಟಿದ್ದು ಮರ್ತೋಗಿತ್ತು. ಸಣ್ಣೋನು ಅಲ್ಲೇ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ. "ಪುಟ್ಟಾ, ಹಾಲು ಉಕ್ತಿದೆ ನೋಡೋ, ಗ್ಯಾಸ್ ಆರ್ಸು" ಅಂದೆ. ಅವನು ಫ್ರಿಜ್ಜಿನ ಕಡೆ ತಿರುಗಿ ನೋಡ್ದ, ಆಮೇಲೆ ನನ್ನ ನೋಡ್ದ, "ಅದು ಚಾರ್ಟಲ್ಲಿ ಇಲ್ಲ ಅಜ್ಜಿ" ಅಂದ. ಎದುರು ಮಾತಾಡ್ಬೇಕು ಅಂತ ಅಲ್ಲ, ಕೊಬ್ಬಿಂದ ಅಲ್ಲ, ನಿಜವಾಗ್ಲೂ ಇಲ್ಲ ಅಂತ ತಿಳಿಸ್ತಿದ್ದ. ಹಾಲು ಉಕ್ಕಿ ಒಲೆ ಮೇಲೆಲ್ಲಾ ಹರೀತು. ಹೋದ ವರ್ಷ ಏಳು ವರ್ಷದಲ್ಲಿ ಇದೇ ಹುಡುಗ ನಾನು ಕರೆಯೋಕ್ ಮುಂಚೇನೇ ಓಡಿ ಬಂದು ಸೊಪ್ಪು ಬಿಡಿಸಿ ಕೊಡ್ತಿದ್ದ, ಅದಕ್ಕೆ ನಾನು ಏನೂ ಕೊಡ್ತಿರ್ಲಿಲ್ಲ, ಅವನೂ ಕೇಳ್ತಿರ್ಲಿಲ್ಲ.

ಇದು ನಮ್ಮ ಮನೆ ಮಕ್ಕಳ ದೋಷ ಅಲ್ಲ ಅಂತ ನನಗೆ ಗೊತ್ತಿತ್ತು, ಯಾಕಂದ್ರೆ ಸರ್ವೀಸಲ್ಲಿದ್ದಾಗ ಒಂದು ಟ್ರೈನಿಂಗಲ್ಲಿ ಕೇಳಿದ್ದು ತಲೇಲಿತ್ತು, ಆಮೇಲೆ ಪುಸ್ತಕದಲ್ಲೂ ಓದ್ಕೊಂಡಿದ್ದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ಕ್ಯಾಂಪಸ್ಸಿನ ಒಂದು ನರ್ಸರಿ ಸ್ಕೂಲಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅಂತ ಮೂವರು ಒಂದು ಪರೀಕ್ಷೆ ಮಾಡಿದ್ರು, 1973ರಲ್ಲಿ ಪ್ರಕಟ ಆಯ್ತು. ಚಿತ್ರ ಬಿಡ್ಸೋದು ಅಂದ್ರೆ ತಾವಾಗೇ ಓಡಿ ಬರೋ 51 ಮಕ್ಕಳನ್ನ ಆರಿಸ್ಕೊಂಡು ಮೂರು ಗುಂಪು ಮಾಡಿದ್ರು. ಒಂದು ಗುಂಪಿಗೆ ಚಿತ್ರ ಬಿಡಿಸಿದ್ರೆ ಚಿನ್ನದ ಬಣ್ಣದ ಮುದ್ರೆ, ರಿಬ್ಬನ್ ಇರೋ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿದ್ರು. ಎರಡನೇದಕ್ಕೆ ಹೇಳದೇನೇ ಕೊನೇಲಿ ಕೊಟ್ರು. ಮೂರನೇದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಚಿತ್ರ ಬಿಡ್ಸೋ ಅದೇ ಪೆನ್ನುಗಳನ್ನ ಕ್ಲಾಸಲ್ಲಿ ಸುಮ್ನೆ ಇಟ್ಟು ನೋಡಿದಾಗ, ಮೊದಲೇ ಆಸೆ ತೋರಿಸಿದ್ದ ಗುಂಪಿನ ಮಕ್ಕಳು ಅದರ ಹತ್ರ ಕಳೆದ ಸಮಯ ಬೇರೆಯೋರಿಗಿಂತ ಹೆಚ್ಚುಕಮ್ಮಿ ಅರ್ಧ. ಇದ್ದ ಇಷ್ಟಾನೇ ಹೋಗಿತ್ತು. ಹೇಳದೇ ಕೊಟ್ಟ ಗುಂಪಿಗೆ ಹಾಗಾಗ್ಲಿಲ್ಲ, ಅದನ್ನ ಗಮನಿಸ್ಬೇಕು. ಕೆಲಸ ಆದ್ಮೇಲೆ ಖುಷಿಗೆ ಒಂದು ಕೊಬ್ಬರಿ ಮಿಠಾಯಿ ಕೊಟ್ರೆ ತಪ್ಪಿಲ್ಲ, ಮಿಠಾಯಿಗೋಸ್ಕರ ಕೆಲಸ ಅಂತ ಆದ್ರೆ ಮಿಠಾಯಿ ಮುಗಿದ ದಿನ ಕೆಲಸಾನೂ ಮುಗೀತು.

ಹಂಗಂತ ನಾನು ಚಾರ್ಟೇ ಬೇಡ ಅನ್ನೋಳಲ್ಲ. ನನ್ನ ತಕರಾರು ಇರೋದು ಪಾಯಿಂಟ್ ಕಾಲಮ್ಮಿನ ಬಗ್ಗೆ. ಈ ಕೆಲಸಕ್ಕೆ ಇಷ್ಟು ಅಂತ ಬರ್ದಿರೋದನ್ನ ನಾವು ಅಂಗಡೀಲಿ ರೇಟ್ ಕಾರ್ಡ್ ಅಂತೀವಿ. ಸ್ಕೂಲಲ್ಲಿ ನಾನು ವರ್ಷಾನುಗಟ್ಲೆ ಗೋಡೆ ಮೇಲೆ ಹಾಕ್ತಿದ್ದಿದ್ದು ಬೇರೆ, ಅದನ್ನ ಸರದಿ ಪಟ್ಟಿ ಅಂತಿದ್ವಿ. ಅದ್ರಲ್ಲಿ ಯಾವ ದಿನ ಯಾರು ಅಂತ ಇರುತ್ತೆ, ಎಷ್ಟು ಅಂತ ಇರಲ್ಲ.

ಸರ್ಕಾರಿ ಸ್ಕೂಲಲ್ಲಿ ಓದಿರೋ ನಿಮ್ಮ ಓದುಗರಿಗೆ ನೆನಪಿರಬಹುದು, ಮಕ್ಕಳನ್ನ ಗುಂಪು ಮಾಡಿ ನದಿ ಹೆಸರು ಇಡ್ತಿದ್ವಿ, ಕಾವೇರಿ ತುಂಗಾ ಶರಾವತಿ ನೇತ್ರಾವತಿ ಅಂತ. ಸೋಮವಾರ ಕಾವೇರಿ ಗುಂಪು ಕ್ಲಾಸ್ ಗುಡಿಸ್ಬೇಕು, ತುಂಗಾ ಗುಂಪು ಕುಡಿಯೋ ನೀರು, ಶರಾವತಿ ಬೋರ್ಡ್ ಒರೆಸಿ ದಿನಾಂಕ ಹಾಜರಾತಿ ಬರೀಬೇಕು, ನೇತ್ರಾವತಿ ಗಿಡಗಳಿಗೆ ನೀರು. ಮಂಗಳವಾರ ಎಲ್ಲಾ ಒಂದೊಂದು ಮನೆ ಮುಂದಕ್ಕೆ. ಇಷ್ಟೇ. (ಶೌಚಾಲಯ ತೊಳೆಸೋದು, ಟೀಚರ್ ಸ್ವಂತ ಕೆಲಸ ಮಾಡಿಸೋದು ಇದ್ರಲ್ಲಿ ಬರಲ್ಲ, ಅದು ತಪ್ಪು, ಇಲಾಖೆ ಅದಕ್ಕೆ ಅವಕಾಶ ಕೊಟ್ಟಿಲ್ಲ, ಕೊಡಲೂಬಾರ್ದು.)

ಆದ್ರೆ ಈ ಪಟ್ಟಿ ನಾನು ಕೆಲಸಕ್ಕೆ ಸೇರಿದ ದಿನದಿಂದ ಇರ್ಲಿಲ್ಲ, ಅದನ್ನ ಹೇಳ್ಲೇಬೇಕು. 1988ರಲ್ಲಿ ಸೇರಿದೆ, ಮೊದಲೆರಡು ವರ್ಷ ನಾನೂ ಎಲ್ಲರ ಥರಾನೇ ಬೆಳಿಗ್ಗೆ ಬಂದು ಕಣ್ಣಿಗೆ ಬಿದ್ದೋರ ಹೆಸರು ಕರೆದು ನೀನು ಗುಡ್ಸಮ್ಮ, ನೀನು ನೀರ್ ತಗೊಂಬಾರಪ್ಪ ಅಂತಿದ್ದೆ. ಒಂದಿನ ಹಾಜರಿ ಪುಸ್ತಕ ತೆಗೆದು ಸುಮ್ನೆ ನೋಡ್ತಾ ಕೂತಾಗ ಹೊಳೀತು, ಗುಡಿಸಕ್ಕೆ ನಾನು ಕರೀತಿದ್ದಿದ್ದು ಬರೀ ಹೆಣ್ಣುಮಕ್ಕಳನ್ನ, ಅದ್ರಲ್ಲೂ ಊರಾಚೆ ಕೇರಿಯಿಂದ ಬರೋ ಮೂರು ನಾಲ್ಕು ಹುಡುಗೀರನ್ನ. ನೀರಿನ ಕೊಡ ಮುಟ್ಟಕ್ಕೆ ಅವರನ್ನ ಒಂದು ಸಲಾನೂ ಕಳಿಸಿರ್ಲಿಲ್ಲ. ನನಗೆ ಯಾರೂ ಹಂಗೆ ಮಾಡು ಅಂತ ಬಾಯ್ಬಿಟ್ಟು ಹೇಳಿರ್ಲಿಲ್ಲ, ಊರಲ್ಲಿ ಹೆಂಗಿತ್ತೋ ಹಂಗೇ ನನ್ನ ಬಾಯಲ್ಲೂ ಬರ್ತಿತ್ತು. ನನಗೆ ನನ್ನ ಮೇಲೇನೇ ಅಸಹ್ಯ ಆಯ್ತು, ಆ ರಾತ್ರಿ ನಿದ್ದೆ ಬರ್ಲಿಲ್ಲ. ಮಾರನೇ ದಿನ ಡ್ರಾಯಿಂಗ್ ಶೀಟ್ ತಗೊಂಡು ಹಾಜರಿ ನಂಬರ್ ಪ್ರಕಾರ ಗುಂಪು ಮಾಡಿ ಸರದಿ ಪಟ್ಟಿ ಬರ್ದು ಮೊಳೆ ಹೊಡೆದೆ. ಎರಡನೇ ವಾರದಲ್ಲಿ ಒಬ್ರು ದೊಡ್ಡ ಮನುಷ್ಯರು ಸ್ಕೂಲಿಗೇ ಬಂದು "ಏನ್ ಮಿಸ್ಸೇ, ನೀರು ಯಾರ್ ಕೈಲಿ ತರಿಸ್ತಿದೀರಾ, ನಮ್ಮ ಹುಡುಗನ ಕೈಗೆ ಪೊರಕೆ ಕೊಟ್ಟಿದೀರಂತೆ" ಅಂತ ಕೇಳಿದ್ರು. ನಾನಾಗ ಇನ್ನೂ ಸಣ್ಣ ವಯಸ್ಸು, ಕೈ ಕಾಲು ನಡುಗ್ತಿತ್ತು, ಗೋಡೆ ಕಡೆ ಕೈ ತೋರ್ಸಿ "ನಾನು ಹೇಳಿಲ್ಲ ಸರ್, ಪಟ್ಟೀಲಿ ಹಂಗಿದೆ, ಇವತ್ತು ಅವರ ಸರದಿ" ಅಂದೆ. ಅವರು ಪಟ್ಟಿ ಮುಂದೆ ನಿಂತು ಓದಿದ್ರು, ಅವರ ಮಗನ ಹೆಸರೂ ಇತ್ತು, ಬೇರೆ ಮಕ್ಕಳ ಹೆಸರೂ ಇತ್ತು, ಗುರುವಾರಕ್ಕೆ ಮಗಂದೇ ನೀರಿನ ಸರದಿ. ಗೊಣಗ್ಕೊಂಡು ಹೋದ್ರು. ಆಮೇಲೆ ಒಂದು ತಿಂಗಳು ಮೂರು ಮನೆ ಮಕ್ಕಳು ಮನೆಯಿಂದಾನೇ ಬಾಟ್ಲಿ ನೀರು ತಂದ್ರು, ಸೆಖೆ ಜಾಸ್ತಿ ಆದಾಗ ಅದೂ ನಿಂತೋಯ್ತು.

ಚಾರ್ಟಿನ ನಿಜವಾದ ಉಪಯೋಗ ನನಗೆ ಗೊತ್ತಾಗಿದ್ದು ಅವತ್ತು. ಮಕ್ಕಳಿಗೆ ಹುರುಪು ತುಂಬೋದು ಆಮೇಲಿನ ಮಾತು. ಹೇಳೋರ ಬಾಯಿಂದ ಅಧಿಕಾರಾನ ಕಿತ್ತು ಗೋಡೆಗೆ ಹಾಕುತ್ತಲ್ಲ, ಅದು ದೊಡ್ಡದು. ಗೋಡೆಗೆ ಮುಖ ಮೋರೆ ನೋಡಿ ಹೇಳಕ್ಕೆ ಬರಲ್ಲ. ಮನೇಲೂ ಅಷ್ಟೇ, "ಎಷ್ಟ್ ಸಲ ಹೇಳ್ಬೇಕು ನಿಂಗೆ" ಅಂತ ತಾಯಿ ದಿನಾ ಕೂಗೋದು, ಮಗು ಕಿವಿ ಮುಚ್ಕೊಳ್ಳೋದು, ಅದೊಂದು ನಿಂತ್ರೆ ಸಾಕಲ್ವಾ.

ಇನ್ನೊಂದು ಕಲಿತಿದ್ದು ನಲಿ ಕಲಿಯಿಂದ, ಅಂದ್ರೆ ಸರ್ಕಾರಿ ಸ್ಕೂಲಿನ ಸಣ್ಣ ಕ್ಲಾಸುಗಳಲ್ಲಿ ಕಾರ್ಡು, ಚಟುವಟಿಕೆ ಮೂಲಕ ಕಲಿಸೋ ಪದ್ಧತಿಯಿಂದ. ನಲಿ ಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಲ್ಲಿ ಶುರುವಾಗಿದ್ದು, ನಮ್ಮ ಕಡೆ ಸ್ಕೂಲುಗಳಿಗೆ ಬರೋಷ್ಟರಲ್ಲಿ ವರ್ಷಗಳಾಯ್ತು, 2009ರ ಸುಮಾರಿಗೆ ಎಲ್ಲಾ ಕಡೆ ಬಂತು. ಟೀಚರುಗಳೇ ಬೈದಿದ್ದುಂಟು, ಕಾರ್ಡು ಜೋಡಿಸೋದ್ರಲ್ಲೇ ಆಯಸ್ಸು ಮುಗೀತು ಅಂತ, ನಾನೂ ಬೈದಿದೀನಿ. ಆದ್ರೆ ಅದ್ರಲ್ಲಿ ಗೋಡೆ ತುಂಬಾ ಚಾರ್ಟು, ಎಲ್ಲಾ ಮಕ್ಕಳ ಕೈಗೆ ಎಟುಕೋ ಎತ್ತರದಲ್ಲಿ. ಹಾಜರಾತಿ ಚಾರ್ಟಲ್ಲಿ ಮಗೂನೇ ಬಂದು ತನ್ನ ಹೆಸರಿನ ಮುಂದೆ ಗುರುತು ಹಾಕ್ಬೇಕು, ಹವಾಮಾನ ಚಾರ್ಟಲ್ಲಿ ಇವತ್ತು ಬಿಸಿಲಾ ಮೋಡಾನಾ ಅಂತ ಹೊರಗೆ ನೋಡ್ಕೊಂಡು ಬಂದು ತುಂಬಬೇಕು, ಕಲಿಕಾ ಏಣೀಲಿ ತಾನು ಯಾವ ಮೆಟ್ಟಿಲಲ್ಲಿದೀನಿ ಅಂತ ತಾನೇ ನೋಡ್ಕೋಬೇಕು. ಮತ್ತೆ ಮಕ್ಕಳು ಕೂರೋದು ತಟ್ಟೆ ಪ್ರಕಾರ, ತಟ್ಟೆ ಅಂದ್ರೆ ಅಲ್ಲಿ ಗುಂಪು, ಟೀಚರ್ ಪೂರ್ತಿ ಸಹಾಯ ಮಾಡೋದೊಂದು, ಸ್ವಲ್ಪ ಸಹಾಯ ಮಾಡೋದೊಂದು, ಜೊತೆ ಮಕ್ಕಳು ಸಹಾಯ ಮಾಡೋದೊಂದು, ಕೊನೇಗೆ ತಾನೇ ಕಲಿಯೋದು. ಈ ಕ್ರಮಾನ ನಾನು ಮನೇಲಿ ಪೊರಕೆಗೂ ಹಾಕಿದೀನಿ, ಮಜ್ಜಿಗೆ ಕಡೆಯೋದಕ್ಕೂ ಹಾಕಿದೀನಿ, ಕೆಲಸ ಮಾಡುತ್ತೆ. ನಾವೇನ್ ಮಾಡ್ತೀವಿ ಅಂದ್ರೆ ಮೊದಲ ದಿನಾನೇ ಮಗೂನ ಕೊನೇ ತಟ್ಟೇಲಿ ಕೂರಿಸ್ತೀವಿ, ಹೋಗು ಪಾತ್ರೆ ತೊಳಿ ಅಂತೀವಿ, ಅದು ಜಿಡ್ಡು ಬಿಟ್ಟು ಬಂದ್ರೆ ಬಿಡು ನಾನೇ ತೊಳೀತೀನಿ ಅಂತ ಕಿತ್ಕೊಳ್ತೀವಿ. ಅಲ್ಲಿಗೆ ಮಗೂಗೆ ಎರಡು ವಿಷಯ ಗೊತ್ತಾಯ್ತು, ತನಗೆ ಬರಲ್ಲ ಅನ್ನೋದೊಂದು, ಕೆಟ್ಟದಾಗಿ ಮಾಡಿದ್ರೆ ಕೆಲಸ ತಪ್ಪುತ್ತೆ ಅನ್ನೋದೊಂದು. ಎರಡನೇದನ್ನ ಗಂಡಸರು ಬೇಗ ಕಲಿತಾರೆ, ನಮ್ಮನೇದೇ ಉದಾಹರಣೆ ಇದೆ, ಆಮೇಲೆ ಬರ್ತೀನಿ.

ಹಾಲು ಉಕ್ಕಿದ ಮಾರನೇ ದಿನ ನಾನು ಸೊಸೆಗೆ ಫೋನ್ ಮಾಡಿ ಕೇಳ್ಕೊಂಡೇ ಪಾಯಿಂಟ್ ಚಾರ್ಟ್ ತೆಗೆದೆ. ಕೇಳದೇ ತೆಗೆಯೋದು ಸರಿಯಲ್ಲ, ಅವಳು ಕಷ್ಟಪಟ್ಟು ಮಾಡಿದ್ದು. "ಅತ್ತೆ, ಮತ್ತೆ ಮೊಬೈಲಿಗೆ ಏನ್ ಮಾಡ್ತೀರಾ" ಅಂದ್ಲು. ಮೊಬೈಲು ಸಾಯಂಕಾಲ ಏಳರಿಂದ ಏಳೂವರೆ, ಕೆಲಸ ಮಾಡಿದ್ರೂ ಅಷ್ಟೇ ಮಾಡ್ದಿದ್ರೂ ಅಷ್ಟೇ, ಎರಡಕ್ಕೂ ಗಂಟು ಹಾಕೋದು ಬೇಡ ಅಂದೆ. ಆಮೇಲೆ ಹಳೇ ಬ್ಯಾಂಕ್ ಕ್ಯಾಲೆಂಡರಿನ ಖಾಲಿ ಹಿಂಬದೀಲಿ ಗೆರೆ ಎಳೆದು ಮಕ್ಕಳನ್ನೇ ಕೂರಿಸ್ಕೊಂಡು ಪಟ್ಟಿ ಮಾಡ್ದೆ. ನದಿ ಹೆಸರು ಬೇಕೇಬೇಕು ಅಂತ ನಾನೇ ಹಟ ಹಿಡಿದೆ, ಹಾಸನ ಜಿಲ್ಲೆ ನದಿಗಳೇ ಇರ್ಲಿ ಅಂತ. ದೊಡ್ಡೋನು ಹೇಮಾವತಿ, ಹುಡುಗಿ ಯಗಚಿ, ಸಣ್ಣೋನಿಗೆ ವಾಟೆಹೊಳೆ. ಅವನಿಗೆ ಅಳು, ನಂದು ಮಾತ್ರ ನದಿ ಅಲ್ಲ ಹೊಳೆ ಅಂತ. ಗೊರೂರಿನ ಹತ್ರ ಯಗಚಿ ಹೋಗಿ ಹೇಮಾವತಿಗೇ ಸೇರುತ್ತೆ ಕಣೋ, ಅವಳ ಹೆಸರು ಅಲ್ಲಿಗೇ ಮುಗೀತು ಅಂತ ತಾತ ಸಮಾಧಾನ ಮಾಡಕ್ಕೆ ಹೋಗಿ ಹುಡುಗೀನೂ ಅಳಿಸಿದ್ರು.

ಕೆಲಸ ಯಾವ್ದು ಅನ್ನೋದಕ್ಕೆ ನಾನೊಂದು ಲೆಕ್ಕ ಇಟ್ಕೊಂಡಿದ್ದೆ, ಮಾಡ್ದೇ ಇದ್ರೆ ಮನೇಲಿ ಎಲ್ರಿಗೂ ಗೊತ್ತಾಗ್ಬೇಕು, ಅಂಥದ್ದೇ ಇರ್ಬೇಕು. ಹಾಸಿಗೆ ಮಡಿಸ್ದಿದ್ರೆ ಆಕಾಶ ಏನ್ ಬೀಳಲ್ಲ, ಅದನ್ನ ಪಟ್ಟಿಗೇ ಹಾಕ್ಲಿಲ್ಲ. ಹಾಕಿದ್ದು: ನಲ್ಲೀಲಿ ನೀರು ಬಿಡೋ ದಿನ ಡ್ರಮ್ಮು ಕೊಡ ತುಂಬಿಸೋದು, ರಾತ್ರಿ ಹಾಲಿಗೆ ಹೆಪ್ಪು ಹಾಕೋದು, ಕಸದ ಗಾಡಿ ಬರೋಷ್ಟರಲ್ಲಿ ಹಸಿ ಕಸ ಒಣ ಕಸ ಬೇರೆ ಬೇರೆ ಬಕೆಟ್ಟಲ್ಲಿ ಗೇಟ್ ಹತ್ರ ಇಡೋದು, ತಾರಸಿ ಮೇಲೆ ಸಂಡಿಗೆ ಕಾಯೋದು. ನಾಲ್ಕೇ. ವಾರದಲ್ಲಿ ಒಬ್ಬೊಬ್ರಿಗೂ ಒಂದು ದಿನ ಪಟ್ಟೀಲಿ ಪೂರ್ತಿ ಖಾಲಿ ಮನೆ, ಅವತ್ತು ಏನೂ ಇಲ್ಲ, ಬಿದ್ಕೊಂಡಿರ್ಲಿ, ಚೌಕಾಬಾರ ಆಡ್ಲಿ, ಬೇಜಾರಾಗ್ತಿದೆ ಅಂತ ಅಳ್ಲಿ. ಬೇಜಾರಾಗೋದು ರಜದ ಹಕ್ಕು ಅಂತ ನನ್ನ ಅಭಿಪ್ರಾಯ, ಈಗಿನ ಸಮ್ಮರ್ ಕ್ಯಾಂಪುಗಳಲ್ಲಿ ಅದೊಂದೇ ಸಿಗಲ್ಲ.

ಹೆಪ್ಪಿನ ಕಥೆ ಕೇಳಿ. ಮೊದಲ ವಾರ ಹೇಮಾವತಿ ಸರದಿ. ಮೊದಲ ದಿನ ನಾನೇ ಕೈ ಹಿಡಿದು ತೋರಿಸ್ದೆ, ಹಾಲು ಕಾಯ್ಸಿ ಆರಿಸಿ ಕಿರುಬೆರಳು ಅದ್ದಿದ್ರೆ ಬೆಚ್ಚಗಿರ್ಬೇಕು, ಸುಡಬಾರ್ದು, ಬೇಸಿಗೇಲಿ ಅರ್ಧ ಚಮಚ ಹೆಪ್ಪು ಸಾಕು, ಜಾಸ್ತಿಯಾದ್ರೆ ಬೆಳಿಗ್ಗೆಗೇ ಹುಳಿ. ಎರಡನೇ ದಿನ ಪಕ್ಕದಲ್ಲಿ ನಿಂತಿದ್ದೆ. ಮೂರನೇ ದಿನ ಅವನೇ ಹಾಕ್ದ, ಗಡ್ಡೆ ಗಡ್ಡೆ ಮೊಸರು, ತಾತನಿಗೆ ತೋರಿಸ್ಕೊಂಡು ಬಂದ. ನಾಲ್ಕನೇ ದಿನ ಐಪಿಎಲ್ ಮ್ಯಾಚು, ಮರ್ತ. ನನಗೆ ಹತ್ತು ಗಂಟೆಗೇ ಗೊತ್ತಿತ್ತು, ನಾಲಿಗೆ ತುದೀವರೆಗೂ ಬಂತು, ಕಚ್ಕೊಂಡು ಮಲಗಿದೆ. ಸಂಪಾದಕರೇ, ಈ ಇಡೀ ರಜದಲ್ಲಿ ನಾನು ಮಾಡಿದ ಕಷ್ಟದ ಕೆಲಸ ಅಂದ್ರೆ ಅದು. ಬೆಳಿಗ್ಗೆ ನೋಡಿದ್ರೆ ಏಪ್ರಿಲ್ ಸೆಖೆಗೆ ಹಾಲು ಒಡೆದು ವಾಸನೆ. ಮಧ್ಯಾಹ್ನ ಊಟಕ್ಕೆ ಮೊಸರಿಲ್ಲ. ಯಾರೂ ಬೈಲಿಲ್ಲ, ತಾತ ಒಂದೇ ಸಲ "ಮಜ್ಜಿಗೆ ಇಲ್ವಾ" ಅಂದ್ರು, ನಾನು "ಇಲ್ಲ" ಅಂದೆ, ಅಷ್ಟೇ. ಹುಡುಗ ಸಾರನ್ನ ಊಟ ಮಾಡಿ ಎದ್ದ, ಸೈಕಲ್ ತಗೊಂಡು ಹೋಗಿ ಅಂಗಡಿಯಿಂದ ಒಂದು ಪ್ಯಾಕೆಟ್ ಮೊಸರು ತಂದಿಟ್ಟ. ಅವನ ದುಡ್ಡು. ರಾತ್ರಿ ಎಂಟಕ್ಕೇ ಬಂದು ಅಡುಗೆಮನೇಲಿ ಹಾಲಿನ ಪಾತ್ರೆ ಮುಂದೆ ಕಾವಲು ನಿಂತಿದ್ದ, ಇನ್ನೂ ಕಾಯಿಸೇ ಇರ್ಲಿಲ್ಲ ನಾನು.

ಸಂಡಿಗೆ ಕಾಯೋದು ವಾಟೆಹೊಳೆಗೆ ಇಷ್ಟದ ಕೆಲಸ. ಅಕ್ಕಿ ಸಂಡಿಗೆ ಹಾಕೋದು ಬೆಳಗಿನ ಜಾವ, ಒಂಬತ್ತಕ್ಕೆಲ್ಲಾ ಕಾಗೆ ಬರ್ತಾವೆ. ಕಪ್ಪು ಛತ್ರಿ ಬಿಚ್ಚಿ ಅದರಡಿ ಕೂತ್ಕೊಂಡು ಕೋಲಲ್ಲಿ ತಟ್ಟೆ ಬಡೀತಾನೆ, ಇಡೀ ಬೀದಿಗೆ ಕೇಳುತ್ತೆ. ಅವನ ಲೆಕ್ಕದಲ್ಲಿ ಕಾಗೆಗಳಲ್ಲಿ ಒಂದಕ್ಕೆ ಕಾಲು ಊನ, ಅದಕ್ಕೆ ಮಾತ್ರ ಎರಡು ಸಂಡಿಗೆ ಬಿಡ್ತಾನಂತೆ. ಅವನೇ ತಿಂದಿದ್ದು ಎಷ್ಟು ಅಂತ ನಾನು ಕೇಳಲ್ಲ, ಹಸಿ ಸಂಡಿಗೆ ಅರ್ಧ ಒಣಗಿದಾಗ ಇರೋ ರುಚಿ ಕರಿದಾಗ ಇರಲ್ಲ ಅಂತ ನನಗೂ ಗೊತ್ತು. ಇದಕ್ಕೆ ಪಾಯಿಂಟ್ ಹಾಕಿದ್ರೆ ಅವನು ಸಂಡಿಗೆ ಎಣಿಸ್ತಾ ಕೂರ್ತಿದ್ದ, ಆ ಕಾಗೆ ಅವನ ಕಣ್ಣಿಗೇ ಬೀಳ್ತಿರ್ಲಿಲ್ಲ.

ಈಗ ಯಜಮಾನ್ರ ವಿಷಯ. ಪಟ್ಟೀಲಿ ದೊಡ್ಡೋರ ಹೆಸರೂ ಇರ್ಲಿ ಅಂತ ಯಗಚಿ ಕೇಳಿದ್ಲು, ನಾನು ನನ್ನ ಹೆಸರು ಬರ್ದೆ, ತಾತನ ಹೆಸರನ್ನ ಅವಳೇ ಬರೆದ್ಲು. ಕೇಂದ್ರ ಸರ್ಕಾರದೋರು ಯಾರ್ ಎಷ್ಟ್ ಹೊತ್ತು ಏನ್ ಮಾಡ್ತಾರೆ ಅಂತ ದೇಶಾದ್ಯಂತ ಒಂದು ಸರ್ವೆ ಮಾಡ್ತಾರೆ, ಟೈಮ್ ಯೂಸ್ ಸರ್ವೆ ಅಂತ. 2024ರದ್ರಲ್ಲಿ ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕಳೀತಾರೆ, ಗಂಡಸರಲ್ಲಿ ಮಾಡೋರದ್ದು 88 ನಿಮಿಷ. 2019ರಲ್ಲಿ 299 ಮತ್ತೆ 97 ಇತ್ತು. ಹೆಂಗಸರಿಗೆ ಹತ್ತು ನಿಮಿಷ ಕಮ್ಮಿಯಾಯ್ತು ಅಂತ ಖುಷಿ ಪಡೋಣ ಅಂದ್ರೆ ಗಂಡಸರೂ ಒಂಬತ್ತು ನಿಮಿಷ ಕಮ್ಮಿ ಮಾಡ್ಕೊಂಡಿದಾರೆ. ಅದೂ ಆ 88 ನಿಮಿಷ ಮನೆಗೆಲಸಕ್ಕೆ ಕೈ ಹಾಕಿದ ಗಂಡಸರ ಸರಾಸರಿ ಅಷ್ಟೇ, ಹಾಕದೇ ಇರೋರು ಆ ಲೆಕ್ಕದಲ್ಲೇ ಬರಲ್ಲ. ನಮ್ಮನೆಯೋರು ಎಲ್ಲಿ ಬರ್ತಾರೋ ನಾನು ಹೇಳಲ್ಲ. ಪಟ್ಟೀಲಿ ಅವರ ಕಸದ ಸರದಿ ಬಂದ ದಿನ ಬೆಳಿಗ್ಗೆ ಆರಕ್ಕೇ ಅವರಿಗೆ ಪಾಸ್‌ಬುಕ್ ಎಂಟ್ರಿ ಮಾಡಿಸ್ಬೇಕು ಅಂತ ನೆನಪಾಗುತ್ತೆ, ಬ್ಯಾಂಕ್ ತೆಗೆಯೋದು ಹತ್ತಕ್ಕೆ. ಎರಡು ಸಲ ಹಂಗಾಯ್ತು, ಮೂರನೇ ಸಲ ಬಕೆಟ್ ಗೇಟಿನ ತನಕ ಹೋಯ್ತು, ಹಸಿ ಕಸ ಒಣ ಕಸ ಎರಡೂ ಒಂದ್ರಲ್ಲೇ. ಗಾಡಿಯೋನು ವಾಪಸ್ ಕೊಟ್ಟ. ಆವತ್ತಿಂದ ಹೇಮಾವತಿ ತಾತನ ಸರದಿ ತಾನೇ ಮಾಡ್ತೀನಿ ಅಂತ ಬಂದ, ನಾನು ಬಿಡ್ಲಿಲ್ಲ. ಹಂಗೆ ಬಿಟ್ರೆ ಹುಡುಗನೂ ಅದನ್ನೇ ಕಲೀತಾನೆ. ಇನ್ನೂ ಎಳೆದಾಟ ನಡೀತಿದೆ, ಗೆದ್ದೆ ಅಂತ ಬರೆಯಕ್ಕಾಗಲ್ಲ.

ಪಟ್ಟಿ ಅದ್ಭುತ ಮಾಡುತ್ತೆ ಅಂತಾನೂ ನಾನು ಹೇಳ್ತಿಲ್ಲ. ಮೂರನೇ ವಾರಕ್ಕೆ ಅದನ್ನ ನೋಡೋರೇ ಇಲ್ಲ, ಸರದಿ ಬದಲಾಯಿಸ್ಕೊಳ್ಳೋದು, ನಿಂದು ನಾನು ಮಾಡ್ತೀನಿ ನಂದು ನೀನು ಮಾಡು ಅಂತ ವ್ಯಾಪಾರ, ಜಗಳ ಎಲ್ಲಾ ಇದೆ. ಯಗಚಿ ಒಂದಿನ ಪೂರ್ತಿ ಮುಷ್ಕರ ಹೂಡಿದ್ಲು, ಯಾಕೆ ಅಂತ ಈವರೆಗೂ ಹೇಳಿಲ್ಲ. ಪಟ್ಟೀಲಿ ಇಲ್ಲದ ಕೆಲಸಕ್ಕೆ ಕರೆದಾಗ ಮೂವರೂ ಓಡಿ ಬರ್ತಾರೆ ಅಂತ ಬರೆದ್ರೆ ಸುಳ್ಳಾಗುತ್ತೆ, ಒಬ್ರಾದ್ರೂ ಬರ್ತಾರೆ. ಎಷ್ಟು ಅಂತ ಕೇಳಲ್ಲ, ನನಗೆ ಅಷ್ಟು ಸಾಕು.

ಲೇಖನದಲ್ಲಿ ಇನ್ನೊಂದು ಮಾತು ಇತ್ತು, ಈಗಿನ ಮಕ್ಕಳಿಗೆ ಕೆಲಸದ ಅಭ್ಯಾಸಾನೇ ಇಲ್ಲ ಅಂತ. ಯಾವ ಮಕ್ಕಳಿಗೆ? ನಾನು ಪಾಠ ಮಾಡಿದ ಊರುಗಳು ಆಲೂಗಡ್ಡೆ ಬೆಳೆಯೋ ಊರುಗಳು. ಮೇ ತಿಂಗಳಲ್ಲಿ ಜಲಂಧರಿಂದ ಲಾರಿಗಟ್ಲೆ ಬಿತ್ತನೆ ಆಲೂಗಡ್ಡೆ ಹಾಸನ ಎಪಿಎಂಸಿಗೆ ಬರುತ್ತೆ, ಮನೆಮನೇಲೂ ಮೂಟೆ ಬಿಚ್ಚಿ ಮೊಳಕೆ ಬರೋ ಕಣ್ಣು ಇರೋ ಥರ ನೋಡ್ಕೊಂಡು ಹೋಳು ಕೊಯ್ಯೋದು, ಮಳೆ ಬೀಳ್ತಿದ್ದಂಗೆ ನಾಟಿ. ನನ್ನ ನಾಲ್ಕನೇ ಕ್ಲಾಸಿನ ಮಕ್ಕಳು ಒಂದು ಗಡ್ಡೆ ಕೈಲಿ ತಗೊಂಡ್ರೆ ಕಣ್ಣು ಎಲ್ಲೆಲ್ಲಿದೆ, ಎಷ್ಟು ಹೋಳಾಗುತ್ತೆ ಅಂತ ನೋಡಿದ ತಕ್ಷಣ ಹೇಳೋರು, ನನಗೆ ಬರ್ತಿರ್ಲಿಲ್ಲ, ಅವರೇ ನನಗೆ ಹೇಳ್ಕೊಟ್ರು. ಈಗ ಅಂಗಮಾರಿ ರೋಗದ ಕಾಟಕ್ಕೆ ಆಲೂಗಡ್ಡೆ ಬಿಟ್ಟು ಎಷ್ಟೋ ಜನ ಮುಸುಕಿನ ಜೋಳ, ಶುಂಠಿ ಅಂತ ಹೋಗಿದಾರೆ. ಆ ಮಕ್ಕಳಿಗೆ ರಜೇಲಿ ಯಾವ ಚಾರ್ಟೂ ಬೇಕಿರ್ಲಿಲ್ಲ, ಅವರಿಗೆ ಬೇಕಾಗಿದ್ದಿದ್ದು ಪಟ್ಟೀಲಿರೋ ಆ ಖಾಲಿ ಮನೆ. ಜೂನ್ ತಿಂಗಳಲ್ಲಿ ಕೈ ಬಿರುಕು ಬಿಟ್ಕೊಂಡು ಬಂದು ಕೂರೋರು, ಕೆಲವರು ಜೂನ್ ಮುಗಿದ್ರೂ ಬರ್ತಿರ್ಲಿಲ್ಲ, ನಾವು ಮನೆಮನೆಗೆ ಹೋಗಿ ಕರ್ಕೊಂಡು ಬರಬೇಕಿತ್ತು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಗಿ 14 ವರ್ಷದೊಳಗಿನ ಮಕ್ಕಳನ್ನ ಎಲ್ಲೂ ಕೆಲಸಕ್ಕೆ ಇಟ್ಕೊಳ್ಳಂಗಿಲ್ಲ ಅಂತ ಆಯ್ತು, ಆದ್ರೆ ಸ್ವಂತ ಮನೆಯೋರಿಗೆ ಸ್ಕೂಲ್ ಬಿಟ್ಮೇಲೆ, ರಜೇಲಿ ಅಪಾಯ ಇಲ್ಲದ ಕೆಲಸದಲ್ಲಿ ಸಹಾಯ ಮಾಡಬಹುದು ಅಂತ ಬಾಗಿಲು ಬಿಟ್ಟಿದಾರೆ. ಆ ಬಾಗಿಲಲ್ಲಿ ಎಷ್ಟು ಮಕ್ಕಳು ಹೋಗಿ ವಾಪಸ್ ಬರಲ್ಲ ಅಂತ ಹಳ್ಳಿ ಟೀಚರುಗಳನ್ನ ಕೇಳ್ಬೇಕು. ಹಂಗಾಗಿ ಪುರವಣೀಲಿ ಬರೆಯೋವಾಗ ಮಕ್ಕಳು ಅಂದ್ರೆ ಫ್ರಿಜ್ಜಿರೋ ಮನೆ ಮಕ್ಕಳು ಮಾತ್ರ ಅಂತ ಇಟ್ಕೋಬೇಡಿ, ನಿಮ್ಮ ಪೇಪರ್ ಹಳ್ಳಿ ಟೀ ಅಂಗಡಿಗೂ ಬರುತ್ತೆ.

ಕೊನೇದಾಗಿ ಒಂದು ಬಿನ್ನಹ. ಆ ಲೇಖನದ ಜೊತೆ ಹಾಕಿದ್ದ ಚಿತ್ರ ನೋಡಿದೆ, ಫ್ರಾಕ್ ಹಾಕಿರೋ ಹುಡುಗಿ ಪೊರಕೆ ಹಿಡಿದಿದಾಳೆ, ಹುಡುಗ ಪೈಪಲ್ಲಿ ಗಿಡಕ್ಕೆ ನೀರು ಬಿಡ್ತಾ ನಗ್ತಿದಾನೆ. 1988ರಲ್ಲಿ ನಾನು ಕ್ಲಾಸಲ್ಲಿ ಮಾಡ್ತಿದ್ದಿದ್ದೂ ಹಂಗೇ. ಮುಂದಿನ ಸಲ ಆ ಜಾಗದಲ್ಲಿ ಒಂದು ಖಾಲಿ ಸರದಿ ಪಟ್ಟಿ ಅಚ್ಚು ಹಾಕಿ, ಏಳು ದಿನ ಅಡ್ಡಕ್ಕೆ, ಐದಾರು ಗೆರೆ ಕೆಳಕ್ಕೆ, ಪಾಯಿಂಟ್ ಕಾಲಮ್ ಇಲ್ಲದೇ. ಕತ್ತರಿಸಿ ಗೋಡೆಗೆ ಹಾಕ್ಕೊಳ್ಳೋರು ಹಾಕ್ಕೊಳ್ಳಲಿ. ಮನೆ ಯಜಮಾನ್ರ ಹೆಸರು ಬರೆಯಕ್ಕೆ ಒಂದು ಗೆರೆ ಜಾಸ್ತೀನೇ ಇರ್ಲಿ.

ಇನ್ನೂ ಬರೀಬೇಕು ಅಂತಿದ್ದೆ, ಆದ್ರೆ ಸಕಲೇಶಪುರದ ಕಡೆಯಿಂದ ಮೋಡ ಕಟ್ಕೊಂಡು ಬರ್ತಿದೆ, ಗಾಳಿ ಎದ್ದಿದೆ, ತಾರಸಿ ಮೇಲೆ ನಾಲ್ಕು ಸೀರೆ ತುಂಬಾ ಸಂಡಿಗೆ ಇದೆ. ಕೆಳಗಿಂದ ಕೇಳಿಸ್ತಿದೆ, ಇವತ್ತು ನಿಂದು ಸರದಿ, ಇಲ್ಲ ನಿಂದು ಅಂತ ಇಬ್ರೂ ಕಿತ್ತಾಡ್ತಿದಾರೆ, ಪಟ್ಟಿ ನೋಡಕ್ಕೆ ಈಗ ಟೈಮಿಲ್ಲ, ನಾನೇ ಹತ್ತಬೇಕು.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ,
ಹಾಸನ